ಹಿಟಾಚಿಯೊಳಗೆ ಹೈಡ್ರೋಜನ್

ಇಪ್ಪತ್ತು ಟನ್ನಿನ ಹಿಟಾಚಿ ಹತ್ತು ತಾಸು ಮಣ್ಣು ತೆಗೆಯಬೇಕಾದರೆ ಸುಮಾರು 130 ಲೀಟರ್ ಡೀಸೆಲ್ ಬೇಕು. ಅಷ್ಟು ಉರಿದಾಗ 350 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅದು ಕಣ್ಣಿಗೆ ಕಾಣದು. ಕಾಣುವುದು ಮಸಿ, ಕೇಳುವುದು ಸದ್ದು. ಹುಬ್ಬಳ್ಳಿ–ಧಾರವಾಡದ ನಡುವಿನ ಸತ್ತೂರಿನಂಥ ಕಡೆ ಜನ ಇವೆರಡನ್ನೂ ವರ್ಷಗಟ್ಟಲೆ ಸಹಿಸಿದ್ದಾರೆ. ಬಿಆರ್‌ಟಿಎಸ್‌ನ 22 ಕಿಲೋಮೀಟರ್ ಬಸ್ ಮಾರ್ಗಕ್ಕಾಗಿ ಪಿ.ಬಿ. ರಸ್ತೆ ಅಗೆದರು, ಆಮೇಲೆ ಬೈಪಾಸ್ ಅಗಲೀಕರಣ ಬಂತು. ಎಸ್‌ಡಿಎಂ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇರುವುದು ಇದೇ ಸತ್ತೂರಿನಲ್ಲಿ. ಉಸಿರಿಗೆ ಹೆಣಗುವವರು ಮಲಗಿರುವ ಕಡೆ ಹೊಗೆ ಉಗುಳದ ಯಂತ್ರ ಬೇಕೆನ್ನುವುದು ನ್ಯಾಯವಾದ ಬೇಡಿಕೆ. ಹಾಗಾಗಿ ‘ನೀರಾವಿ ಬಿಟ್ಟು ಬೇರೇನೂ ಹೊರಬರುವುದಿಲ್ಲ’ ಎಂಬ ಮಾತಿನೊಂದಿಗೆ ಬಂದಿರುವ ಹೈಡ್ರೋಜನ್ ಯಂತ್ರಗಳನ್ನು ಗಂಭೀರವಾಗಿ ತೂಗಿ ನೋಡಬೇಕು. ತೂಗಿದಾಗ ನನಗನಿಸುವುದು ಇಷ್ಟು: ಈ ಯಂತ್ರಗಳಲ್ಲಿ ನಮಗೆ ನಿಜಕ್ಕೂ ಬೇಕಾದದ್ದು ಹೈಡ್ರೋಜನ್ನಿನಿಂದ ವಿದ್ಯುತ್ ಹುಟ್ಟಿಸುವ ಇಂಧನ ಕೋಶಕ್ಕಿಂತ ಅದರ ಜೊತೆಗೆ ಬಂದ ವಿದ್ಯುತ್ ಮೋಟಾರು.

ಮಾದರಿಗಳೇನೂ ಕಡಿಮೆಯಿಲ್ಲ. ಬ್ರಿಟನ್ನಿನ ಜೆಸಿಬಿ 2020ರಲ್ಲಿ ಇಂಧನ ಕೋಶದಿಂದ ನಡೆಯುವ 20 ಟನ್ನಿನ 220ಎಕ್ಸ್ ಯಂತ್ರವನ್ನು ಹೊರತಂದಿತು. ಬೆಂಗಳೂರಿನ ಪೀಣ್ಯದಲ್ಲೂ ಕಾರ್ಖಾನೆಯಿರುವ ವೋಲ್ವೋ 2022ರಲ್ಲಿ ಸ್ವೀಡನ್ನಿನಲ್ಲಿ ಎಚ್‌ಎಕ್ಸ್04 ಎಂಬ ಮಣ್ಣು ಸಾಗಿಸುವ ಗಾಡಿಯನ್ನು ಓಡಿಸಿತು. ಏಳೂವರೆ ನಿಮಿಷದಲ್ಲಿ 12 ಕಿಲೋ ಹೈಡ್ರೋಜನ್ ತುಂಬಿಸಿಕೊಂಡು ಅದು ಸುಮಾರು ನಾಲ್ಕು ತಾಸು ದುಡಿಯುತ್ತಿತ್ತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಮೊಗಲಕ್ವೇನಾ ಪ್ಲಾಟಿನಂ ಗಣಿಯಲ್ಲಿ 290 ಟನ್ ಹೊರುವ ದೈತ್ಯ ಡಂಪರ್ ಇಂಧನ ಕೋಶ ಮತ್ತು ಬ್ಯಾಟರಿಯ ಜೋಡಿಯಿಂದ ನಡೆಯಿತು. ಆದರೆ ಮೊದಲು ಹೊರಟ ಜೆಸಿಬಿಯೇ ದಾರಿ ಬದಲಿಸಿತು. ಕೋಶ ದುಬಾರಿ, ಜಟಿಲ ಎಂದು ಹೇಳಿ, ಹೈಡ್ರೋಜನನ್ನು ಪಿಸ್ಟನ್ ಎಂಜಿನ್ನಿನಲ್ಲೇ ಉರಿಸುವ ಕಡೆ ಹೊರಳಿತು. ಯಂತ್ರ ಕಟ್ಟಿ, ಕ್ವಾರಿಯಲ್ಲಿ ದುಡಿಸಿ ನೋಡಿದವರು ಹೇಳಿದ ಮಾತು ಇದು.

ತೊಡಕು ಎಲ್ಲಿದೆ? ಇಂಧನ ಕೋಶ ಹೈಡ್ರೋಜನನ್ನು ಉರಿಸುವುದಿಲ್ಲ. ತೆಳು ಪೊರೆಯೊಂದರ ಎರಡು ಬದಿಗೆ ಹೈಡ್ರೋಜನ್ನೂ ಗಾಳಿಯೂ ಹಾಯುತ್ತವೆ. ಪ್ಲಾಟಿನಂ ಲೇಪದ ಮೇಲೆ ಅವು ಕೂಡುವಾಗ ವಿದ್ಯುತ್ ಹುಟ್ಟುತ್ತದೆ. ಈ ಕೋಶಕ್ಕೆ ಸಮನಾದ ಹೊರೆ ಇಷ್ಟ. ಹಿಟಾಚಿಯ ಕೆಲಸ ಅದಕ್ಕೆ ತೀರಾ ಉಲ್ಟಾ: ಬಕೆಟ್ ನೆಲಕ್ಕಿಳಿದಾಗ ಪೂರ್ತಿ ಬಲ ಬೇಕು, ತಿರುಗಿ ಟಿಪ್ಪರಿಗೆ ಸುರಿವಾಗ ಕಾಲುಭಾಗ ಸಾಕು, ಮತ್ತೆ ಇಪ್ಪತ್ತು ಸೆಕೆಂಡಿನೊಳಗೆ ಪೂರ್ತಿ ಬಲ. ಈ ಏರಿಳಿತ ತಾಳಲು ಕೋಶದ ಪಕ್ಕ ಬ್ಯಾಟರಿಯೊಂದು ಇರಲೇಬೇಕು. ಇನ್ನು ಬಿಸಿ. ಡೀಸೆಲ್ ಎಂಜಿನ್ ತನ್ನ ಬಿಸಿಯಲ್ಲಿ ದೊಡ್ಡ ಪಾಲನ್ನು ಹೊಗೆಯ ಜೊತೆ ಆಚೆ ಕಳಿಸುತ್ತದೆ. ಕೋಶದ ಬಿಸಿ ಬಹುಪಾಲು ರೇಡಿಯೇಟರಿನಿಂದಲೇ ಹೋಗಬೇಕು, ಅದೂ 70–80 ಡಿಗ್ರಿಯಷ್ಟೇ ಬಿಸಿಯಾದ ನೀರಿನಿಂದ. ಧಾರವಾಡದ ಏಪ್ರಿಲ್ ಬಿಸಿಲಿನಲ್ಲಿ, ಕೆಂಪು ಧೂಳು ಜಾಲರಿಯನ್ನು ಮುಚ್ಚುತ್ತಿರುವಾಗ, ಅಷ್ಟು ದೊಡ್ಡ ರೇಡಿಯೇಟರನ್ನು ದಿನಕ್ಕೆ ಎಷ್ಟು ಸಲ ಊದಿ ತೆಗೆಯಬೇಕು? ಇದಕ್ಕಿಂತ ಸೂಕ್ಷ್ಮವಾದ ಅಪಾಯವೂ ಇದೆ. ಕೋಶ ಒಳಗೆಳೆದುಕೊಳ್ಳುವ ಗಾಳಿಯಲ್ಲಿ ಗಂಧಕದ ಅನಿಲ ಸ್ವಲ್ಪವಿದ್ದರೂ ಪ್ಲಾಟಿನಂ ಮಂಕಾಗುತ್ತದೆ. ರಸ್ತೆ ಕಾಮಗಾರಿಯಲ್ಲಿ ಪಕ್ಕದಲ್ಲೇ ಡಾಂಬರು ಕುದಿಯುತ್ತಿರುತ್ತದೆ, ಡೀಸೆಲ್ ಟಿಪ್ಪರುಗಳು ಸಾಲುಗಟ್ಟಿರುತ್ತವೆ. ಒಳ್ಳೆಯ ಫಿಲ್ಟರ್ ಇದನ್ನು ತಡೆಯಬಲ್ಲದು, ಆದರೆ ಬಾಡಿಗೆ ಯಂತ್ರದ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸುವವರು ಬೇಕಲ್ಲ.

ಲೆಕ್ಕಕ್ಕೆ ಬರೋಣ. ಆ 130 ಲೀಟರ್ ಡೀಸೆಲಿನ ಕೆಲಸಕ್ಕೆ ಸುಮಾರು 30 ಕಿಲೋ ಹೈಡ್ರೋಜನ್ ಬೇಕು. ವೋಲ್ವೋ ಗಾಡಿಯ ಖರ್ಚೂ ತಾಸಿಗೆ ಮೂರು ಕಿಲೋದ ಆಸುಪಾಸಿನಲ್ಲೇ ಇತ್ತು. ಸಿಲಿಂಡರುಗಳ ಭಾರ ಹಿಟಾಚಿಗೆ ಹೊರೆಯಲ್ಲ; ಬೂಮಿಗೆ ಎದುರುಭಾರವೆಂದು ಅದು ಹಿಂಬದಿಯಲ್ಲಿ ಹೇಗೂ ಟನ್ನುಗಟ್ಟಲೆ ಕಬ್ಬಿಣ ಹೊತ್ತಿರುತ್ತದೆ. ಕಷ್ಟವಿರುವುದು ಜಾಗದ್ದು. 350 ಬಾರ್ ಒತ್ತಡದಲ್ಲೂ ಆ ಅನಿಲಕ್ಕೆ ಡೀಸೆಲಿನ ಹತ್ತರಷ್ಟು ಜಾಗ ಬೇಕು. ಆ 30 ಕಿಲೋ ಅನಿಲವನ್ನು ನೀರು ಒಡೆದು ತೆಗೆಯಲು 1,600 ಯೂನಿಟ್ ವಿದ್ಯುತ್ ಹೋಗುತ್ತದೆ. ಅದೇ ಕೆಲಸವನ್ನು ಬ್ಯಾಟರಿ ಯಂತ್ರ 600 ಯೂನಿಟ್ಟಿನಲ್ಲಿ ಮುಗಿಸುತ್ತದೆ. ಆ 1,600 ಯೂನಿಟ್ ದೇಶದ ಸಾಮಾನ್ಯ ಗ್ರಿಡ್ಡಿನದಾದರೆ ಹೊರಬೀಳುವ ಇಂಗಾಲ ಡೀಸೆಲಿನದಕ್ಕಿಂತ ಮೂರು ಪಟ್ಟು. ನೈಸರ್ಗಿಕ ಅನಿಲದಿಂದ ತೆಗೆದ ಹೈಡ್ರೋಜನ್ ಆದರೆ ಹೆಚ್ಚುಕಡಿಮೆ ಡೀಸೆಲಿಗೇ ಸಮ. 2023ರಲ್ಲಿ ಭಾರತ ಸರ್ಕಾರ ಹಸಿರು ಹೈಡ್ರೋಜನ್ನಿಗೆ ಹಾಕಿದ ಮಿತಿ ಕಿಲೋಗೆ 2 ಕಿಲೋ ಇಂಗಾಲದ ಡೈಆಕ್ಸೈಡ್. ಅದಕ್ಕೆ ಬದ್ಧವಾದರೆ ಮಾತ್ರ 350 ಕಿಲೋ 60ಕ್ಕೆ ಇಳಿಯುತ್ತದೆ. ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ಕಂಡವರಿಗೆ ಇದು ಅಸಾಧ್ಯವೆನಿಸದು. ಆದರೂ ಆ ಗಾಳಿ ವಿದ್ಯುತ್ತನ್ನು ನೇರ ಬಳಸದೆ ಮೂರರಲ್ಲಿ ಎರಡು ಪಾಲು ದಾರಿಯಲ್ಲೇ ಕಳೆಯುವುದು ಯಾಕೆ ಎಂಬ ಪ್ರಶ್ನೆ ಉಳಿಯುತ್ತದೆ.

ಬ್ಯಾಟರಿಯೂ ಪೂರ್ತಿ ಶುದ್ಧವಲ್ಲ. ಕಲ್ಲಿದ್ದಲ ವಿದ್ಯುತ್ತಿನಲ್ಲಿ ಅದರ ಇಂಗಾಲವೂ ಡೀಸೆಲಿನದಕ್ಕಿಂತ ಹೆಚ್ಚೇ. ಹೈಡ್ರೋಜನ್ ತೆಗೆಯಲು ಬೇಕಾಗುವ ನೀರಿನ ಭಯವನ್ನು ಮಾತ್ರ ಕೈಬಿಡಬಹುದು. ಕಿಲೋ ಹೈಡ್ರೋಜನ್ನಿಗೆ ಒಂಬತ್ತು ಲೀಟರ್ ಶುದ್ಧ ನೀರು ಸಾಕು. ಶುದ್ಧೀಕರಣದ ನಷ್ಟ ಸೇರಿಸಿದರೂ, ಧೂಳು ಅಡಗಿಸಲು ರಸ್ತೆಗೆ ಸುರಿಯುವ ಒಂದು ಟ್ಯಾಂಕರಿನ ಮುಂದೆ ಅದು ಬಹಳ ಕಡಿಮೆ.

ನನ್ನನ್ನು ಹೆಚ್ಚು ಕಾಡುವುದು ಯಂತ್ರದ ಒಡೆಯನ ಪಾಡು. ನಮ್ಮ ಕಡೆ ಎಷ್ಟೋ ಹಿಟಾಚಿಗಳು ಸಾಲ ಮಾಡಿ ಕೊಂಡು ತಾಸಿನ ಬಾಡಿಗೆಗೆ ಬಿಟ್ಟವು. ಇಂದು ಸತ್ತೂರು, ನಾಳೆ ಕಲಘಟಗಿ. ಡೀಸೆಲ್ ಬ್ಯಾರೆಲಿನಲ್ಲಿ ಹಿಂದೆಯೇ ಬರುತ್ತದೆ. ಹೈಡ್ರೋಜನ್ ಹಾಗೆ ಬಾರದು. ಉಕ್ಕಿನ ಕೊಳವೆಗಳ ಟ್ರೇಲರ್ ಲಾರಿಯೊಂದು ತಾನೇ ಟನ್ನುಗಟ್ಟಲೆ ತೂಗುತ್ತ ಒಂದು ಸಲಕ್ಕೆ ತರುವುದು ಸುಮಾರು 300 ಕಿಲೋ ಅನಿಲ, ಹತ್ತು ಯಂತ್ರಗಳ ಒಂದು ದಿನದ ಮೇವು. ಯಂತ್ರಗಳು ಒಂದೇ ಕಡೆ ವರ್ಷವಿಡೀ ದುಡಿಯುವ ಸಂಡೂರಿನ ಅದಿರು ಗಣಿಗಳಲ್ಲಿ ಈ ಲೆಕ್ಕ ಬೇರೆ. ಅಲ್ಲಿಗೆ ಇಂಧನ ಕೋಶದ ಡಂಪರ್ ಒಪ್ಪಬಹುದೆಂದೇ ನನ್ನ ನಂಬಿಕೆ. ಊರೊಳಗಿನ ಕೆಲಸಕ್ಕಾದರೆ ಕೋಶವನ್ನು ಹಿಟಾಚಿಯ ಹೊಟ್ಟೆಯಿಂದ ತೆಗೆದು, ಡೀಸೆಲ್ ಜನರೇಟರಿನ ಬದಲಿಗೆ ಪ್ರತ್ಯೇಕ ಟ್ರೇಲರಿನ ಮೇಲೆ ಇಡುವುದು ವಾಸಿ. ಅಲ್ಲಿ ಅದಕ್ಕೆ ಸಮನಾದ ಹೊರೆ ಸಿಗುತ್ತದೆ, ಧೂಳಿನಿಂದ ದೂರ ನಿಲ್ಲಿಸಬಹುದು, ಬ್ಯಾಟರಿ ಯಂತ್ರಗಳನ್ನು ಅದರಿಂದಲೇ ಚಾರ್ಜ್ ಮಾಡಬಹುದು. ಹೆಸ್ಕಾಂ ವಿದ್ಯುತ್ ಲೈನು ಇರುವ ಕಡೆ ಅದೂ ಬೇಡ.

ಇಂಥ ವಿದ್ಯುತ್ ಯಂತ್ರ ಕಟ್ಟುವ ಅರ್ಧ ವಿದ್ಯೆ ನಮ್ಮೂರಲ್ಲೇ ಇದೆ. ಟಾಟಾ ಹಿಟಾಚಿ ಯಂತ್ರಗಳನ್ನು ಕಟ್ಟುವ ಕಾರ್ಖಾನೆ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿದೆ. ಐಐಟಿ ಧಾರವಾಡವೂ ಹತ್ತಿರದಲ್ಲಿದೆ. ಮೋಟಾರಿನಿಂದ ನಡೆಯುವ ಹೈಡ್ರಾಲಿಕ್ ಪಂಪು, ಬೂಮ್ ಕೆಳಗಿಳಿವಾಗ ಸೋರಿಹೋಗುವ ಶಕ್ತಿಯನ್ನು ಮರಳಿ ಹಿಡಿಯುವ ಉಪಾಯ – ಇವು ವಿದ್ಯುತ್ ಎಲ್ಲಿಂದ ಬಂದರೂ ಬೇಕಾಗುವಂಥವು. 2023ರಲ್ಲಿ ಒಪ್ಪಿಗೆ ಪಡೆದ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ ಬಸ್ಸು, ಲಾರಿಗಳ ಪ್ರಯೋಗಕ್ಕೆ ಹಣ ಕೊಟ್ಟಿದೆ. ಮಣ್ಣು ಅಗೆಯುವ ಯಂತ್ರಕ್ಕೂ ಅಂಥ ಪ್ರಯೋಗ ಬರುವುದಾದರೆ ಅದು ಪ್ರದರ್ಶನದ ಮೈದಾನದಲ್ಲಿ ನಡೆಯದಿರಲಿ. ಏಪ್ರಿಲ್ ಬಿಸಿಲೂ ಸೇರಿದಂತೆ, ಡಾಂಬರು ಘಟಕದ ಪಕ್ಕದಲ್ಲಿ, ಬಾಡಿಗೆ ಆಪರೇಟರ್ ಕೈಯಲ್ಲಿ ಸಾವಿರ ತಾಸು ಓಡಿಸಿ, ಪ್ರತಿ ಕಿಲೋ ಅನಿಲ ಎಲ್ಲಿಂದ ಬಂತೆಂಬ ದಾಖಲೆಯನ್ನೂ ಜೊತೆಗಿಡಲಿ.