ಯುದ್ಧಕ್ಕೆ ಹೊರಟವಳು ಅಮ್ಮ

ಅಮೆರಿಕದ ಕ್ರಿಸ್ಟಿನ್ ಹಾನಾ ಬರೆದ ‘ಹೋಮ್ ಫ್ರಂಟ್’ (2012) ಕಾದಂಬರಿಯಲ್ಲಿ ಯುದ್ಧಕ್ಕೆ ಹೊರಡುವವಳು ಹೆಂಡತಿ. ಜೋಲೀನ್ ನ್ಯಾಷನಲ್ ಗಾರ್ಡ್‌ನ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಪೈಲಟ್, ಇಬ್ಬರು ಹೆಣ್ಣುಮಕ್ಕಳ ತಾಯಿ. ತನಗಿನ್ನು ಅವಳ ಮೇಲೆ ಪ್ರೀತಿಯಿಲ್ಲವೆಂದು ವಕೀಲ ಗಂಡ ಮೈಕಲ್ ಅಂದುಬಿಡುತ್ತಾನೆ. ಆ ಗಾಯ ಮಾಯುವ ಮೊದಲೇ ಇರಾಕಿಗೆ ಹೊರಡುವ ಆದೇಶ ಬರುತ್ತದೆ. ಅಡುಗೆ, ಶಾಲೆ, ಮಕ್ಕಳ ಹಠವೆಲ್ಲ ಈಗ ಅವನ ಪಾಲು.

ಕಾಲು ಕಳೆದುಕೊಂಡು ಅವಳು ಮರಳಿದ ಮೇಲಿನ ಪುಟಗಳೇ ಈ ಕಾದಂಬರಿಯ ಜೀವಾಳ. ಹಂಬಲಿಸಿದ ಮನೆಯೇ ಅವಳಿಗೆ ಹೊರಗಿನದಾಗಿದೆ. ಪುಟ್ಟ ಮಗಳು ಅಮ್ಮನನ್ನು ಕಂಡು ಹೆದರುತ್ತಾಳೆ. ಅಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೊಲೆ ಆರೋಪ ಹೊತ್ತ ಮಾಜಿ ಸೈನಿಕನೊಬ್ಬನ ಪರ ಮೊಕದ್ದಮೆ ನಡೆಸುತ್ತಲೇ ಮೈಕಲ್ ಹೆಂಡತಿಯ ನೋವನ್ನು ಅರಿಯುವುದು ಬಹಳ ಚೆನ್ನಾಗಿ ಬಂದಿದೆ. ಸೈನಿಕರ ಮನೆಯವರಷ್ಟೇ ಅಲ್ಲ, ಅವರ ನೆರೆಹೊರೆಯವರೂ ಇದನ್ನು ಓದಬೇಕು.