ಹೆಬ್ಬಾವು ಕಕ್ಕೋದು ಯಾವಾಗ?

ಹೋದ ತಿಂಗಳು ನಮ್ಮ ಟೀಮಿನ ಹುಡುಗನೊಬ್ಬ ಮಧ್ಯಾಹ್ನ ಊಟ ಮಾಡ್ತಾ ಮೊಬೈಲನ್ನ ನನ್ನ ಮುಂದೆ ಹಿಡಿದ. "ಅಣ್ಣಾ, ನೀವು ಹಳ್ಳಿ ಕಡೆಯವರು, ಹಾವು ಗೀವು ನೋಡಿರ್ತೀರ. ಇದನ್ನ ತಗೊಳ್ಲಾ ಬೇಡ್ವಾ ಹೇಳಿ" ಅಂದ. ನೋಡಿದ್ರೆ ಬರ್ಮೀಸ್ ಹೆಬ್ಬಾವಿನ ಮರಿ. ಬೆಣ್ಣೆ ಹಳದಿ ಮೈ, ಕೆಂಪು ಕಣ್ಣು, ಯಾರದೋ ಕೈಬೆರಳಿಗೆ ಉಂಗುರದ ಹಾಗೆ ಸುತ್ತಿಕೊಂಡಿತ್ತು. ಮಾರುವವನಿಗೆ ಐದು ಸಾವಿರ ಅಡ್ವಾನ್ಸ್ ಆಗಲೇ ಹೋಗಿತ್ತು. ಅಂದ್ರೆ ಅವನು ಸಲಹೆ ಕೇಳೋಕೆ ಬಂದಿರಲಿಲ್ಲ, ನನ್ನಿಂದ ಹೂಂ ಅನ್ನಿಸಿಕೊಳ್ಳೋಕೆ ಬಂದಿದ್ದ. ಸಂಜೆ ಏಳು ವಿಡಿಯೊಗಳ ಲಿಂಕ್ ಕಳಿಸಿದ. "ಇವನ್ನ ನೋಡಿ, ಆಮೇಲೆ ಬೈಯಿರಿ."

ಶನಿವಾರ ಭಾನುವಾರ ಕೂತು ಏಳನ್ನೂ ನೋಡಿದೆ. ಸಿನಿಮಾಕ್ಕೆ, ಪುಸ್ತಕಕ್ಕೆ ನಾವು ವಿಮರ್ಶೆ ಬರೀತೀವಿ. ಇಪ್ಪತ್ತು ವರ್ಷದ ಜವಾಬ್ದಾರಿಯನ್ನ ಹತ್ತು ನಿಮಿಷದ ವಿಡಿಯೊ ನೋಡಿ ಹೊತ್ಕೊಳ್ಳೋ ಈ ಕಾಲದಲ್ಲಿ ಆ ವಿಡಿಯೊಕ್ಕೂ ಒಂದು ವಿಮರ್ಶೆ ಆಗಲಿ ಅಂತ ಇದನ್ನ ಬರೀತಿದ್ದೀನಿ.

ಆದರೆ ಅದಕ್ಕೂ ಮೊದಲು ಇನ್ನೊಂದು ಸಿನಿಮಾದ ಲೆಕ್ಕ ಚುಕ್ತಾ ಮಾಡಬೇಕು. 1997ರ 'ಅನಕೊಂಡ'. ನನ್ನ ವಯಸ್ಸಿನವರಲ್ಲಿ ಅದನ್ನ ನೋಡದವರು ಕಡಿಮೆ. ಕಟ್ಟಾಯದಲ್ಲಿ ಕೇಬಲ್ ಇದ್ದ ಮನೆಯೊಂದರ ಪಡಸಾಲೆಯಲ್ಲಿ ಇಪ್ಪತ್ತು ಜನ ಕೂತು ನೋಡಿದ್ವಿ. ಭಾಷೆ ಯಾರಿಗೂ ಅರ್ಥ ಆಗಲಿಲ್ಲ, ಅರ್ಥ ಆಗೋ ಅವಶ್ಯಕತೆಯೂ ಇರಲಿಲ್ಲ. ಅನಕೊಂಡ ಹೆಬ್ಬಾವಿನ ಜಾತಿಯದಲ್ಲ, ಅದು ಮೊಟ್ಟೆ ಇಡಲ್ಲ, ಮರಿ ಹಾಕುತ್ತೆ ಅನ್ನೋದೆಲ್ಲ ಯಾರಿಗೆ ಬೇಕಿತ್ತು? ನಮಗೆ ಅದು ದೊಡ್ಡ ಹೆಬ್ಬಾವು, ಅಷ್ಟೆ. ಕೊನೆಯಲ್ಲಿ ಹಾವು ಹಿಡಿಯೋಕೆ ಬಂದ ಖಳನನ್ನ ಹಾವೇ ನುಂಗಿ, ಆಮೇಲೆ ನಾಯಕಿಯ ಎದುರಿಗೆ ಅವನನ್ನ ಕಕ್ಕುತ್ತೆ. ಲೋಳೆ ಮೆತ್ತಿಕೊಂಡ ಜಾನ್ ವಾಯ್ಟ್ ಸಾಯೋ ಮುಂಚೆ ಒಂದು ಕಣ್ಣು ಹೊಡೀತಾನೆ. ನಾವೆಲ್ಲ ಕೇಕೆ ಹಾಕಿದ್ವಿ.

ಈಚೆಗೆ ಮತ್ತೆ ನೋಡಿದಾಗ ಆ ದೃಶ್ಯಕ್ಕೆ ಸಿನಿಮಾ ಕೊಡೋ ಕಾರಣ ಗೊತ್ತಾಯ್ತು. ಮೊದಲಲ್ಲೇ ತೆರೆಯ ಮೇಲೆ ಅಕ್ಷರದಲ್ಲಿ ತೋರಿಸ್ತಾರೆ: ಈ ಹಾವಿಗೆ ತಿಂದಿದ್ದು ಸಾಲಲ್ಲ, ಇನ್ನೊಂದನ್ನ ಕೊಂದು ತಿನ್ನೋಕೆ ಹೊಟ್ಟೆಯಲ್ಲಿರೋದನ್ನ ಕಕ್ಕುತ್ತೆ ಅಂತ. ಅಂದ್ರೆ ದುರಾಸೆಗೆ ಕಕ್ಕುತ್ತೆ. ಇಡೀ ಸಿನಿಮಾ ನಿಂತಿರೋದು ಈ ಒಂದು ಸುಳ್ಳಿನ ಮೇಲೆ. ಹೊಟ್ಟೆ ತುಂಬಿದ ಇಂಥ ಹಾವು ವಾರಗಟ್ಟಲೆ ಬೇಟೆಗೆ ಹೋಗಲ್ಲ. ನುಂಗಿದ್ದನ್ನ ಕಕ್ಕಿದ್ರೆ ಅದು ಸಾಮಾನ್ಯವಾಗಿ ಹೆದರಿದಾಗ, ಮೈ ಹಗುರ ಮಾಡಿಕೊಂಡು ಓಡಿಹೋಗೋಕೆ.

ಇದನ್ನ ನಾನು ಓದಿ ತಿಳಿದಿದ್ದು ತಡವಾಗಿ, ನೋಡಿದ್ದು ಬಹಳ ಮೊದಲು. ಆರನೇ ಕ್ಲಾಸಿನಲ್ಲಿದ್ದಾಗ ನಮ್ಮೂರ ಕಡೆ ಒಂದು ಮೇಕೆಮರಿ ಕಾಣೆಯಾಯ್ತು. ಹುಡುಕಿದ್ರೆ ನಾಲೆ ಏರಿ ಮೇಲೆ ಲಂಟಾನ ಮೆಳೆ ಒಳಗೆ ಹೆಬ್ಬಾವು ಬಿದ್ದುಕೊಂಡಿದೆ, ನಡುವೆ ಹೊಟ್ಟೆ ಉಬ್ಬಿದೆ. ಹತ್ತು ನಿಮಿಷದಲ್ಲಿ ಅರ್ಧ ಊರು ಸೇರಿತು. ಗಲಾಟೆಗೆ ಅದು ಬಾಯಿ ತೆರೆದು ಮರಿಯನ್ನ ಕಕ್ಕೋಕೆ ಶುರು ಮಾಡ್ತು. ಎಷ್ಟು ಹೊತ್ತು ಆಯ್ತೋ, ನನಗಂತೂ ಬಹಳ ಹೊತ್ತು ಅನ್ನಿಸ್ತು. ಮರಿ ನೆಲಕ್ಕೆ ಬಿದ್ದದ್ದೇ ಹಾವು ನೀರಿನ ಕಡೆ ತಿರುಗಿತು. "ಇನ್ನೊಂದ್ ನುಂಗಕ್ ಬತ್ತದೆ ಕಣ್ರೋ!" ಅಂತ ಯಾರೋ ಕೂಗಿದ್ರು. ಅವರೂ ಕೇಬಲ್ ಮನೆಯಲ್ಲಿ ಸಿನಿಮಾ ನೋಡಿದ್ದವರೇ ಇರಬೇಕು. ದೊಣ್ಣೆ ಹಿಡಿದವರಲ್ಲಿ ನಾನೂ ಇದ್ದೆ. ನನ್ನದು ಬೇಲಿಯಿಂದ ಕಿತ್ತ ಕಡ್ಡಿ, ಅದರಿಂದ ಏನೂ ಆಗಿರಲಿಕ್ಕಿಲ್ಲ, ಆದ್ರೂ ಎರಡೇಟು ಹಾಕಿದ್ದು ನಿಜ. ಸತ್ತ ಮೇಲೆ ಮೀಸೆ ಬರದ ನಾವೆಲ್ಲ ಅದನ್ನ ದಾಟಿ ದಾಟಿ ಎಷ್ಟು ಮಾರು ಅಂತ ಅಳೆದ್ವಿ.

ಇನ್ನು ಏಳು ವಿಡಿಯೊಗಳಿಗೆ ಬರ್ತೀನಿ. ಬೇರೆ ಬೇರೆ ದೇಶದವು, ಬೇರೆ ಬೇರೆ ಜನ, ಆದ್ರೆ ಏಳೂ ಒಂದೇ. ಒಳ್ಳೆ ಬೆಳಕು, ಗಿಟಾರು, ಹೆಗಲ ಮೇಲೆ ಹಾವು. ಎಲ್ಲರ ಬಾಯಲ್ಲೂ ಬರೋ ಮಾತು ಒಂದೇ: ಇದು ಬಹಳ ಶಾಂತ. ಒಬ್ಬಳು ಇದಕ್ಕೆ ನಾನು ಅಂದ್ರೆ ಪ್ರಾಣ ಅಂತಾಳೆ. ಸಾಕ್ಷಿ ಏನು? ಅವಳ ಕುತ್ತಿಗೆ ಸುತ್ತ ಅದು ತಾನಾಗೇ ಸುತ್ತಿಕೊಳ್ಳುತ್ತೆ. ಕುತ್ತಿಗೆ ಬೆಚ್ಚಗಿರುತ್ತೆ ತಾಯಿ! ಹೆಬ್ಬಾವಿನ ತುಟಿಯಂಚಿನ ಗುಳಿಗಳು ಇರೋದೇ ಬಿಸಿಯನ್ನ ಗುರುತಿಸೋಕೆ. ಅದಕ್ಕೆ ನೀನೂ ಒಂದೇ, ಬಿಸಿಲಿಗೆ ಕಾದ ಬಂಡೆಯೂ ಒಂದೇ. ಹಾವಿಗೆ ರೆಪ್ಪೆ ಇಲ್ಲ, ಹುಬ್ಬು ಗಂಟಿಕ್ಕೋಕೆ ಬರಲ್ಲ. ಆ ಮುಖದಲ್ಲಿ ಹೆದರಿಕೆಯೂ ಕಾಣಲ್ಲ, ಪ್ರೀತಿಯೂ ಕಾಣಲ್ಲ. 'ಅನಕೊಂಡ' ಸಿನಿಮಾ ಆ ಖಾಲಿ ಮುಖದ ಮೇಲೆ ದುರಾಸೆ ಬರೀತು, ಇವರು ಪ್ರೇಮ ಬರೀತಾರೆ. ಕೆಲಸ ಒಂದೇ, ಬಣ್ಣ ಬೇರೆ.

ಮೂರನೇ ವಿಡಿಯೊ ಇವುಗಳಲ್ಲಿ ಸ್ವಲ್ಪ ಪ್ರಾಮಾಣಿಕವಾದದ್ದು. ಮೊಲ ನುಂಗಿದ ಮೇಲೆ ಎರಡು ದಿನ ಹಾವನ್ನ ಮುಟ್ಟಬೇಡಿ, ಮುಟ್ಟಿದ್ರೆ ಕಕ್ಕಬಹುದು ಅಂತ ಹೇಳ್ತಾನೆ. ಯಾಕೆ ಕಕ್ಕುತ್ತೆ ಅಂತ ಹೇಳಲ್ಲ. ಹೇಳಿಬಿಟ್ರೆ 'ಶಾಂತ' ಅನ್ನೋ ಪದ ಅಲ್ಲೇ ಬಿದ್ದುಹೋಗುತ್ತೆ ನೋಡಿ.

ಐದನೇದು ನೋಡ್ತಾ ನಾನು ಎದ್ದು ನಿಂತೆ. ತೆವಳೋ ಮಗು ಪಕ್ಕ ಹನ್ನೆರಡಡಿ ಹಾವು, ಅಪ್ಪ ನಗ್ತಾ ಶೂಟ್ ಮಾಡ್ತಿದ್ದಾನೆ. 2013ರ ಆಗಸ್ಟಿನಲ್ಲಿ ಕೆನಡಾದ ಕ್ಯಾಂಪ್‌ಬೆಲ್ಟನ್ ಅನ್ನೋ ಊರಲ್ಲಿ ಸಾಕಿದ್ದ ಆಫ್ರಿಕನ್ ಹೆಬ್ಬಾವು ರಾತ್ರಿ ತಪ್ಪಿಸಿಕೊಂಡು ಮಲಗಿದ್ದ ಇಬ್ಬರು ಪುಟ್ಟ ಹುಡುಗರ ಜೀವ ತೆಗೀತು. ಅದು ದ್ವೇಷವಲ್ಲ, ಹಾವಿನ ತಪ್ಪೂ ಅಲ್ಲ. ಎರಡೂವರೆ ಮೂರು ಮೀಟರ್ ದಾಟಿದ ಹಾವನ್ನ ಒಬ್ಬರೇ ಎತ್ತಬೇಡಿ, ಇನ್ನೊಬ್ಬರು ಪಕ್ಕದಲ್ಲಿರಲಿ ಅಂತ ಅನುಭವಸ್ಥರು ಹೇಳ್ತಾರೆ. ಏಳು ವಿಡಿಯೊಗಳಲ್ಲಿ ಆ ಎರಡನೇ ಮನುಷ್ಯ ಎಲ್ಲೂ ಕಾಣಲಿಲ್ಲ. ಕ್ಯಾಮೆರಾ ಹಿಡಿದವನನ್ನ ಲೆಕ್ಕಕ್ಕೆ ಇಟ್ಟುಕೊಂಡಿದ್ರೋ ಏನೋ.

ಇವೆಲ್ಲಕ್ಕಿಂತ ದೊಡ್ಡ ಮೋಸ ಎಡಿಟಿಂಗಿನದು. ಹೆಬ್ಬಾವು ಅಂದ್ರೆ ಮುಕ್ಕಾಲು ಪಾಲು ಸುಮ್ಮನಿರೋದು, ಕಾಯೋದು. ವಿಡಿಯೊದಲ್ಲಿ ಮೊದಲು ಕತ್ತರಿ ಬೀಳೋದು ಅದಕ್ಕೇ. ನಾನು ಕೋಡ್ ಬರೆಯೋನು, ಲೆಕ್ಕ ಹಾಕದೆ ನಿದ್ದೆ ಬರಲ್ಲ. ಎರಡಡಿ ಇರೋ ಬರ್ಮೀಸ್ ಮರಿ ಚೆನ್ನಾಗಿ ತಿಂದ್ರೆ ಎರಡು ಮೂರು ವರ್ಷದಲ್ಲಿ ಎಂಟು ಹತ್ತು ಅಡಿ ಆಗಬಹುದು, ಆಮೇಲೂ ಬೆಳೆಯುತ್ತೆ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಬದುಕುತ್ತೆ. ಎರಡು ವಾರಕ್ಕೆ ಒಂದು ಮೊಲ ಅಂದ್ರೂ ಇಪ್ಪತ್ತು ವರ್ಷಕ್ಕೆ 520 ಮೊಲ. ಅವನ್ನ ಎಲ್ಲಿಂದ ತರ್ತೀಯ, ಬಾಡಿಗೆ ಮನೆಯ ಫ್ರಿಜ್ಜಿನಲ್ಲಿ ಯಾವುದರ ಪಕ್ಕ ಇಡ್ತೀಯ? ಅದಕ್ಕೆ ಮೂವತ್ತು ಡಿಗ್ರಿ ಆಸುಪಾಸಿನ ಬೆಚ್ಚಗಿನ ಮೂಲೆ ಯಾವಾಗಲೂ ಬೇಕು. ಡಿಸೆಂಬರಿನ ಬೆಂಗಳೂರಿನಲ್ಲಿ ರಾತ್ರಿ ಕರೆಂಟ್ ಹೋದ್ರೆ? ಪ್ರಾಜೆಕ್ಟಿಗೆ ಆರು ತಿಂಗಳು ಹೊರದೇಶಕ್ಕೆ ಕಳಿಸಿದ್ರೆ? ನಾಳೆ ಮದುವೆ ಆಗೋಳು ಬೇಡ ಅಂದ್ರೆ?

ಬೇಡ ಅನ್ನಿಸಿದಾಗ ಜನ ಏನು ಮಾಡ್ತಾರೆ ಅನ್ನೋದಕ್ಕೆ ಅಮೆರಿಕದ ಫ್ಲಾರಿಡಾ ಇದೆ. ಸಾಕೋಕೆ ತಂದ ಇದೇ ಬರ್ಮೀಸ್ ಹಾವುಗಳು ತಪ್ಪಿಸಿಕೊಂಡೋ, ಬಿಟ್ಟವರಿಂದಲೋ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸಂಸಾರ ಹೂಡಿದವು. 2012ರ ಒಂದು ಅಧ್ಯಯನದ ಪ್ರಕಾರ ಅವು ಬಹಳ ಕಾಲದಿಂದ ನೆಲೆಸಿರೋ ಕಡೆ ರಕೂನ್ ಅನ್ನೋ ಪ್ರಾಣಿ ಕಣ್ಣಿಗೆ ಬೀಳೋದು ಶೇಕಡ 99ರಷ್ಟು ಕಡಿಮೆಯಾಗಿತ್ತು.

ಕಾನೂನಿನ ಮಾತು ವಿಡಿಯೊಗಳಲ್ಲಿ ಇಲ್ಲ, ಅವು ನಮ್ಮ ದೇಶದವಲ್ಲ. ಇಲ್ಲಿ ನಮ್ಮ ಹೆಬ್ಬಾವು 1972ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲಿದೆ. ಹಿಡಿದಿಟ್ಟುಕೊಂಡ್ರೆ ಮೂರರಿಂದ ಏಳು ವರ್ಷ ಜೈಲು. ಹೊರದೇಶದ ಜಾತಿಗಳಿಗೆ 2022ರ ತಿದ್ದುಪಡಿ ಮತ್ತು 2024ರ ನಿಯಮ ಬಂದ ಮೇಲೆ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಆಗಬೇಕು. ಬರ್ಮೀಸ್ ಹೆಬ್ಬಾವು ನಮ್ಮ ಈಶಾನ್ಯದ ಕಾಡಿನಲ್ಲೂ ಇದೆ, ಹಾಗಾಗಿ 'ಫಾರಿನ್ ಹಾವು ಸಾರ್' ಅಂತ ನುಣುಚಿಕೊಳ್ಳೋಕೂ ಆಗಲ್ಲ. ಮಾರುವವನನ್ನ ಕಾಗದ ಕೇಳು ಅಂದೆ. ಕೇಳಿದ. ಒಂದು ನಗುವ ಇಮೋಜಿ ಬಂತು.

ಕಾಗದ ಇಲ್ಲದ ಹಾವು ಹೇಗೆ ಬರುತ್ತೆ ಅನ್ನೋದು ನಮಗೆ ಗೊತ್ತಿರೋ ವಿಷಯವೇ. 2023ರ ಸೆಪ್ಟೆಂಬರಿನಲ್ಲಿ ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಬ್ಯಾಂಕಾಕಿನಿಂದ ಬಂದ ಲಗೇಜಿನಲ್ಲಿ 72 ಹಾವು ಸಿಕ್ಕಿದ್ವು. 55 ಬಾಲ್ ಪೈಥಾನ್, 17 ಕಾಳಿಂಗ. ಜೊತೆಗೆ ಆರು ಕಪುಚಿನ್ ಕೋತಿಗಳು, ಆರೂ ಸತ್ತಿದ್ವು. ಹತ್ತು ನಿಮಿಷದ ಆ ವಿಡಿಯೊಗಳಿಗೆ ಮೊದಲ ದೃಶ್ಯ ಅಂತ ಒಂದು ಇದ್ರೆ ಅದು ಈ ಬ್ಯಾಗಿನ ಜಿಪ್ ತೆಗೆಯೋದು. ಏಳರಲ್ಲಿ ಯಾರೂ ಅಲ್ಲಿಂದ ಶುರು ಮಾಡಿಲ್ಲ.

ಭಾನುವಾರ ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಈ ವಿಷಯ ಹೇಳಿದೆ. "ಅದುನ್ನ ಕಟ್ಕಂಡು ಏನ್ ಮಾಡ್ತಾನಂತೆ? ಹಾಲ್ ಕೊಡ್ತದಾ, ಉಳಾಕೆ ಬತ್ತದಾ?" ಅಂತ ನಕ್ಕರು. ಆಮೇಲೆ ನಾಲೆ ಏರಿಯ ಹಾವಿನ ಮಾತು ತೆಗೆದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. "ಮರಿ ಬುಟ್ಬುಟ್ಟಿತ್ತು ಕಣೋ ಅದು. ಹೋಗ್ತಿತ್ತು" ಅಂದ್ರು. ಇಷ್ಟು ವರ್ಷ ಅವರಿಗೂ ಅದು ನೆನಪಿದೆ ಅಂತ ನನಗೆ ಗೊತ್ತಿರಲಿಲ್ಲ.

ಸೋಮವಾರ ಹುಡುಗನಿಗೆ ಇದೆಲ್ಲ ಹೇಳಿದೆ, ಕಡ್ಡಿ ಹಿಡಿದಿದ್ದನ್ನೂ ಸೇರಿಸಿ. ಅವನು ವಾದ ಮಾಡಿದ. ನೀವು ಊರಲ್ಲಿ ಹೊಡೆದು ಸಾಯಿಸ್ತೀರ, ನಾನು ಸಾಕ್ತೀನಿ ಅಂತೀನಿ, ಯಾರು ವಾಸಿ ಅಂದ. ಒಳ್ಳೆ ಪ್ರಶ್ನೆ, ನನ್ನ ಹತ್ರ ತಟ್ಟನೆ ಉತ್ತರ ಇರಲಿಲ್ಲ. ಹೊಡೆದವರೂ ಸಾಕ್ತೀನಿ ಅನ್ನೋರೂ ಇಬ್ಬರೂ ಅದನ್ನ ಹೋಗೋಕೆ ಬಿಡಲ್ಲ ಅಲ್ವಾ ಅಂದೆ. ಅವನು ಒಪ್ಪಿದನೋ ಇಲ್ಲವೋ, ಮರಿ ತರಲಿಲ್ಲ. ಅಡ್ವಾನ್ಸ್ ವಾಪಸ್ ಬರಲಿಲ್ಲ.

ಈಗಲೂ ಲಿಂಕ್ ಕಳಿಸ್ತಾನೆ. ಮೊನ್ನೆ ಎಂಟನೇದು ಬಂತು. ಹೆಣ್ಣು ಹೆಬ್ಬಾವೊಂದು ಮೊಟ್ಟೆಗಳ ಸುತ್ತ ಸುತ್ತಿಕೊಂಡು ಕೂತಿದೆ. ಮೊಟ್ಟೆಗೆ ಬಿಸಿ ಕೊಡೋಕೆ ತನ್ನ ಮಾಂಸಖಂಡಗಳನ್ನ ಬಿಗಿದು ಬಿಗಿದು ಸಣ್ಣಗೆ ನಡುಗುತ್ತೆ. ಇಪ್ಪತ್ತೆರಡು ನಿಮಿಷ, ಸಂಗೀತ ಇಲ್ಲ, ಮನುಷ್ಯರ ಮಾತಿಲ್ಲ, ಕತ್ತರಿಯೂ ಇಲ್ಲ. "ಅಣ್ಣಾ, ಇದರಲ್ಲಿ ಏನೂ ಆಗಲ್ಲ" ಅಂತ ಕೆಳಗೆ ಬರೆದಿದ್ದ. ನಾನು ಎರಡು ಸಲ ನೋಡಿದೆ.