ಮುಖ ತೊಳೆಸಿಕೊಂಡ ‘ಟ್ರೂ ಲೈಸ್’

ಜೇಮ್ಸ್ ಕ್ಯಾಮರಾನ್ ಅವರ ‘ಟ್ರೂ ಲೈಸ್’ ತೆರೆಗೆ ಬಂದದ್ದು 1994ರಲ್ಲಿ. ಅಮೆರಿಕದ ಅಭಿಮಾನಿಗಳು 1999ರ ಡಿವಿಡಿಯನ್ನೇ ನೋಡ್ಕೊಂಡು ಕಾದರು. 4ಕೆ ಡಿಸ್ಕ್ ಬಂದದ್ದು 2024ರಲ್ಲಿ. ಬಂದ ಕೂಡಲೇ ಎರಡು ಬಣ. ಚಿತ್ರ ಥಳಥಳ ಅನ್ನುತ್ತಿದೆ ಅಂತ ಕೆಲವರು. ಅರ್ನಾಲ್ಡ್ ಮುಖ ಮೇಣದ ಗೊಂಬೆ ಥರ ಆಗಿದೆ ಅಂತ ಉಳಿದವರು.

ನನ್ನ ಓಟು ಗೊಣಗುವವರಿಗೆ. ಹಳೇ ಡಿವಿಡಿಗಿಂತ ಇದು ಎಷ್ಟೋ ಸ್ಪಷ್ಟ, ಒಪ್ಪೋಣ. ಆದರೆ ಫಿಲ್ಮಿನ ಗ್ರೇನ್ ಕೊಳೆ ಅಲ್ಲ ಸ್ವಾಮಿ, ಚಿತ್ರ ಮೂಡಿರೋದೇ ಅದರಿಂದ. ಗ್ರೇನ್ ಯಾವುದು, ಚರ್ಮದ ಸುಕ್ಕು ಯಾವುದು ಅಂತ ಸಾಫ್ಟ್‌ವೇರಿಗೆ ಪೂರ್ತಿ ಗೊತ್ತಾಗಲ್ಲ. ಎರಡನ್ನೂ ಒರೆಸುತ್ತೆ, ಆಮೇಲೆ ಎಐ ಊಹಿಸಿ ತುಂಬುತ್ತೆ. ಕೋಡ್ ಬರೆಯೋ ನಮಗೆ ಗೊತ್ತಲ್ಲ, ಊಹಿಸಿ ತುಂಬಿದ ಡೇಟಾ ಮೂಲ ಡೇಟಾ ಆಗಲ್ಲ.

ನಿಜಗಾತ್ರದ ಹ್ಯಾರಿಯರ್ ಜೆಟ್ ಮಾದರಿಯನ್ನು ಮಯಾಮಿಯ ಕಟ್ಟಡದ ಮೇಲೇರಿಸಿ ಕ್ಲೈಮ್ಯಾಕ್ಸ್ ತೆಗೆದವರು ಇವರು. ಅಷ್ಟು ಕಷ್ಟಪಟ್ಟು ಹಿಡಿದ ನಿಜವನ್ನು ಈಗ ಗ್ರಾಫಿಕ್ಸ್ ಥರ ಕಾಣಿಸೋದು ಯಾಕೆ?

ನಿರ್ದೇಶಕರೇ ಒಪ್ಪಿದ್ದಾರಲ್ಲ ಅನ್ನಬಹುದು. ಒಪ್ಪಲಿ. ಆದರೆ ಮುಂದೆ ನೋಡುವವರಿಗೆ ಸಿಗೋದು ಇದೊಂದೇ. ತಿದ್ದಿದ್ದನ್ನೂ ಕೊಡಿ, ತಿದ್ದದ್ದನ್ನೂ ಅದೇ ಡಬ್ಬಿಯಲ್ಲಿಡಿ. ಆರಿಸ್ಕೊಳ್ಳೋದು ನೋಡುವವರಿಗೆ ಬಿಟ್ಟಿದ್ದು.